ಹಾಲು ಕುಡಿಯದ ನಾಗ

ನನಗೆ ಹಾವೆಂದರೆ ಪ್ರಾಣಭಯ. ಟೀವಿಯಲ್ಲಿ ಹಾವು ಕಂಡರೂ ಕಾಲು ಮೇಲೆತ್ತಿ ಕೂರುವವನು. ದುಬೈಗೆ ಬಂದದ್ದಕ್ಕೆ ಕೆಲಸ ಒಂದು ಕಾರಣವಾದರೆ, ಇಲ್ಲಿನ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಮೂರನೇ ಮಹಡಿಗೆ ಹಾವು ಹತ್ತಲಾರದು ಎಂಬ ಧೈರ್ಯ ಇನ್ನೊಂದು. ಅಂಥ ವೀರ ನಾನು ಈ ನಾಗರ ಪಂಚಮಿಯಂದು ಟಿಕೆಟ್ ಕೊಂಡು ಹಾವು ನೋಡಲು ಹೋದೆ.

ಕಾರಣ ಅಮ್ಮ. ಕುಂದಾಪುರದಿಂದ ವಿಸಿಟ್ ವೀಸಾದಲ್ಲಿ ಬಂದವಳು, ಮುಂದಿನ ವಾರ ಹೊರಡುವವಳಿದ್ದಳು. ಬಂದದ್ದೇ ಮೊಮ್ಮಗಳ ಹತ್ತಿರ ಬಾಯ್ತುಂಬ ಮಾತಾಡಲು. ಎಂಟು ವರ್ಷದ ನನ್ನ ಮಗಳು ಅನಘಾ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಪೈಕಿ. ನಾನೋ, “ಕನ್ನಡದಲ್ಲಿ ಹೇಳೇ, ಸರಿಯಾಗಿ ಹೇಳೇ!” ಎಂದು ದಿನಕ್ಕೆ ಹತ್ತು ಸಲ ಗದರುವವನು. ಗದರಿದಷ್ಟೂ ಅವಳು ಬಾಯಿ ಮುಚ್ಚಿಕೊಂಡಳು, ಅಮ್ಮ ಪೆಚ್ಚಾದಳು. ಎರಡು ತಿಂಗಳು ಹೀಗೇ ಕಳೆಯಿತು. ಬಂದ ಹಾಗೇ ವಾಪಸು ಹೋಗುತ್ತಾಳಲ್ಲ ಎಂಬುದೇ ನನ್ನ ಚಿಂತೆ.

ಪಂಚಮಿಗೆ ನಾಗನ ಕಲ್ಲಿಗೆ ತನು ಎರೆಯದೆ, ಎಂದರೆ ಹಾಲು ಹೊಯ್ಯದೆ, ಅಮ್ಮ ಊಟ ಮಾಡುವವಳಲ್ಲ. ಮರಳುಗಾಡಿನಲ್ಲಿ ನಾಗಬನ ಎಲ್ಲಿಂದ ತರಲಿ? ದುಬೈಯಲ್ಲೇ ಒಂದು ಗಾಜಿನ ಕಟ್ಟಡದಲ್ಲಿ ಮಳೆಕಾಡು ಬೆಳೆಸಿದ್ದಾರೆ, ಅಲ್ಲೊಂದು ಹಾವಿದೆಯಂತೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅಮ್ಮ ಸ್ನಾನ ಮಾಡಿ, ಸೀರೆಯುಟ್ಟು ಸಿದ್ಧ! ಅವಳ ಚೀಲದಲ್ಲಿ ಹಾಲಿನ ಬಾಟಲಿ ಇದೆಯೆಂದು ನನಗೆ ತಿಳಿದದ್ದು, ಹಾವಿನ ಗಾಜಿನ ಪೆಟ್ಟಿಗೆಯೆದುರು ಅವಳು ಚಪ್ಪಲಿ ಬಿಟ್ಟು ಅದನ್ನು ಹೊರತೆಗೆದಾಗಲೇ.

ಒಳಗಿದ್ದದ್ದು ದಕ್ಷಿಣ ಅಮೆರಿಕದ ಮಳೆಕಾಡುಗಳ, ಬೆರಳು ದಪ್ಪದ, ಉಬ್ಬುಗಣ್ಣಿನ ಸಾಧು ಪ್ರಾಣಿ. ವಿಷವಿಲ್ಲ, ಹೆಡೆಯೂ ಇಲ್ಲ. ಆದರೂ ನಾನು ಹತ್ತು ಮಾರು ದೂರದ ಕಂಬದ ಹಿಂದೆ ನಿಂತೆ. ಮನೆಯ ದುಭಾಷಿ ಹೀಗೆ ತಲೆಮರೆಸಿಕೊಂಡ ಮೇಲೆ ಅಜ್ಜಿ, ಮೊಮ್ಮಗಳು ತಾವೇ ನಿಭಾಯಿಸಬೇಕಾಯಿತು.

ಕಾವಲುಗಾರ ಬಾಟಲಿ ನೋಡಿ “ಮಾಫಿ, ಮಾಫಿ” ಎಂದು, ಎಂದರೆ ಅರಬಿಯಲ್ಲಿ ‘ಇಲ್ಲ, ಇಲ್ಲ’ ಎಂದು, ಕೈಯಾಡಿಸಿದ.

“ನೋ ಅಜ್ಜಿ, ಇಟ್ ಡಸಂಟ್ ಡ್ರಿಂಕ್ ಮಿಲ್ಕ್,” ಎಂದಳು ಅನಘಾ.

“ಮತ್ತೆಂತ ತಿಂಬುದ್ ಮಗಾ ಅದು?”

ಅವಳು ಫಲಕ ಓದಿ “ಸ್ನೇಲ್ಸ್” ಎಂದಳು. ಅಜ್ಜಿಗೆ ತಿಳಿಯಲಿಲ್ಲ. ಮಗಳು ಒಂದು ಕೈ ಮುಷ್ಟಿ ಕಟ್ಟಿ, ಇನ್ನೊಂದರ ಬೆರಳು ಅದರೊಳಗೆ ತೂರಿಸಿ, ನಿಧಾನಕ್ಕೆ ಹೊರಗೆಳೆದು ತೋರಿಸಿದಳು.

“ಹೋ, ಬಸವನಹುಳು! ಚಿಪ್ಪ್ ಒಡೀದೇ ತಿಂತ್ತಾ?”

“ಹೌದು ಅಜ್ಜಿ. ಸ್ಲೋ... ಮೆಲ್ಲ... ಮೆಲ್ಲ ಎಳಿತ್ತ್.”

ಕಂಬದ ಹಿಂದೆ ನನಗೆ ನಾಚಿಕೆಯಾಯಿತು. ಎರಡು ತಿಂಗಳಿಂದ ನಾನು ಚಿಪ್ಪಿಗೆ ಕಲ್ಲು ಹಾಕುತ್ತಿದ್ದೆನಲ್ಲ! ಒಳಗೆ ಕನ್ನಡ ಇತ್ತು, ಅದೂ ನನ್ನ ಅಮ್ಮನದೇ ಕನ್ನಡ.

ಅಮ್ಮ ಗಾಜಿಗೇ ಕೈಮುಗಿದು ಬಂದಳು. ಕಾರಿನಲ್ಲಿ ಕೂತು ಬಾಟಲಿ ತೆರೆದು, “ನಾಗ ಅಂತೂ ಕುಡೀಲಿಲ್ಲ, ನೀನಾರೂ ಕುಡಿ,” ಎಂದು ಮೊಮ್ಮಗಳ ಮುಂದೆ ಹಿಡಿದಳು.

ಅನಘಾ ಮೂಗು ಮುರಿದಳು. “ನಂಗೆ ಹಾಲ್ ಬ್ಯಾಡ ಅಜ್ಜಿ, ಬಸವನಹುಳು ಕೊಡ್!”

ಅಮ್ಮ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿಗೆ ‘ಕೊಡಿ’ ಅನ್ನಬೇಕು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದೇ ಬಂತು. ಬಾಯಿಗೆ ತಕ್ಷಣ ಬೇರೆ ಕೆಲಸ ಬೇಕಿತ್ತು. ಬಾಟಲಿ ಕಸಿದುಕೊಂಡು ನಾಗನ ಹಾಲನ್ನು ನಾನೇ ಗಟಗಟ ಕುಡಿದೆ.