ಹತ್ತೊಂಬತ್ತನೇ ಮಡಕೆ

ಮಾರಿಯಮ್ಮ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಕಾರ್ಮಿಕರ ಲೈನ್‌ಮನೆಯಲ್ಲಿ. ಅಪ್ಪ ಗಣಿ ಇಳಿಯುತ್ತಿದ್ದ. ಪಾಳಿಗೆ ಹೊರಡುವ ಮುಂಚೆ ನಿಂತುಕೊಂಡೇ ಒಂದು ಚೊಂಬು ಹುಳಿ ಅಂಬಲಿ ಕುಡಿಯುತ್ತಿದ್ದ. ಹದಿನೆಂಟಕ್ಕೆ ಮದುವೆಯಾಗಿ ಬಂಗಾರಪೇಟೆ ಹತ್ತಿರದ ಹಳ್ಳಿಗೆ ಹೊರಟಾಗ ಅವ್ವ ಎರಡು ಸೀರೆಯ ಜೊತೆಗೆ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಡಕೆಯನ್ನೂ ಕೈಗಿಟ್ಟಳು. ಒಳಗೆ ಮೂರು ಬೆರಳಷ್ಟು ಅಂಬಲಿ ಇತ್ತು.

"ಪೂರ್ತಿ ಖಾಲಿ ಮಾಡ್ಬೇಡ ಕಣೇ. ತಳದಾಗೆ ವಸಿ ಬಿಟ್ಟು, ಅದರ ಮೇಲೇ ಹೊಸದು ಉಯ್ಯಿ."

ಮಾರಿಯಮ್ಮ ಹಾಗೇ ಮಾಡಿದಳು. ದಿನಾ ಸಂಜೆ ರಾಗಿ ಹಿಟ್ಟು ಕದಡಿ ಕಾಯಿಸಿ, ಆರಿಸಿ, ತಳದಲ್ಲಿ ಉಳಿದದ್ದರ ಮೇಲೆ ಸುರಿಯುವಳು. ಬೆಳಗಾಗುವಷ್ಟರಲ್ಲಿ ಹದವಾಗಿ ಹುಳಿ ಬಂದಿರುತ್ತಿತ್ತು. ಮಡಕೆ ಬಿರುಕು ಬಿಟ್ಟರೆ ಹೊಸ ಮಡಕೆಗೆ ಬಗ್ಗಿಸಿಕೊಂಡಳು. ಗಂಡ ಸತ್ತ ಮೂರು ದಿನ ಒಲೆ ಹಚ್ಚಲಿಲ್ಲ. ಆಗಲೂ ತಳದ ಅಂಬಲಿ ಒಣಗದಂತೆ ಪಕ್ಕದ ಮನೆಯ ಮುತ್ಯಾಲಮ್ಮ ನೋಡಿಕೊಂಡಳು. ಮೂವತ್ತನಾಲ್ಕು ವರ್ಷ ಆ ಹುಳಿ ಸಾಯಲಿಲ್ಲ.

ಅವಳ ಕೆಲಸ ಕೋದಂಡಪ್ಪನವರ ಮನೆಯ ಕೊಟ್ಟಿಗೆಯಲ್ಲಿ. ಸಗಣಿ ಬಾಚಬೇಕು, ಹಿತ್ತಲು ಗುಡಿಸಬೇಕು, ಹುಲ್ಲು ಹಾಕಬೇಕು. ಅಡುಗೆಮನೆಯ ಹೊಸ್ತಿಲನ್ನು ಅವಳು ಒಂದು ದಿನವೂ ದಾಟಿರಲಿಲ್ಲ. ಅವಳ ಲೋಟ ಕೊಟ್ಟಿಗೆ ಗೋಡೆಯ ಗೂಡಿನಲ್ಲಿರುತ್ತಿತ್ತು. ಕೊಡುವವರು ಮೇಲಿನಿಂದ ಸುರಿಯುತ್ತಿದ್ದರು. ಮಗ ಗೋಪಿನಾಥ ಅದೇ ಮನೆಯ ಟ್ರ್ಯಾಕ್ಟರ್ ಓಡಿಸುತ್ತಿದ್ದ.

ಏಳು ವರ್ಷದ ಹಿಂದೆ ಕೋದಂಡಪ್ಪನವರ ಹೆಂಡತಿ ವೆಂಕಟರತ್ನಮ್ಮ ಕಣ್ಣಿನ ಆಪರೇಷನ್‌ಗೆಂದು ಕೋಲಾರಕ್ಕೆ ಹೋದರು. ಮನೆಗೆ ಹೊಸದಾಗಿ ಬಂದಿದ್ದ ಸೊಸೆ ಶ್ಯಾಮಲಾ, ಅತ್ತೆ ಬರುವಷ್ಟರಲ್ಲಿ ಎಲ್ಲ ಥಳಥಳ ಅನ್ನಬೇಕೆಂದು ಅಂಬಲಿ ಮಡಕೆಯನ್ನೂ ಸೋಪಿನ ಪುಡಿ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಅದು ಅತ್ತೆಯ ಅತ್ತೆ ಕಾಲದಿಂದ ಬಂದ ಹುಳಿ ಎಂದು ಗೊತ್ತಾದದ್ದು ಆಮೇಲೆ. ಹೊಸದಾಗಿ ಕಾಯಿಸಿಟ್ಟ ಅಂಬಲಿ ಎರಡು ದಿನವೂ ನಾರಿತು. ಮೂರನೇ ದಿನ ಅವಳು ಹಿತ್ತಿಲ ಬೇಲಿಯ ಹತ್ತಿರ ಬಂದು ನಿಂತಳು.

"ಮಾರಿಯಮ್ಮ, ನಿಮ್ಮನೆ ಅಂಬ್ಲಿ ಒಂದು ಚೊಂಬು ಕೊಡು. ಕಾಲು ಹಿಡ್ಕೋತೀನಿ. ಅತ್ತೆ ನನ್ನನ್ನ ತವರಿಗೆ ಅಟ್ಟಿಬಿಡ್ತಾರೆ."

"ನಮ್ಮನೇದು ನಿಮಗೆ ಆಗ್ತದಾ, ಶ್ಯಾಮಲಮ್ಮ?"

"ಯಾರಿಗೂ ಏಳ್ಬೇಡ, ಅಷ್ಟೆ."

ಮಾರಿಯಮ್ಮ ಕೊಟ್ಟಳು, ಯಾರಿಗೂ ಹೇಳಲಿಲ್ಲ. ಕೋಲಾರದಿಂದ ಬಂದ ವೆಂಕಟರತ್ನಮ್ಮ ಮೊದಲ ಲೋಟ ಕುಡಿದು, "ಎಷ್ಟು ದಿನ ಆಗಿತ್ತು! ನಮ್ಮನೆ ಹುಳಿ ಇನ್ಯಾವ ಮನೇಲೂ ಬರಲ್ಲ" ಎಂದು ಬಾಯಿ ಚಪ್ಪರಿಸಿದರು. ಕೊಟ್ಟಿಗೆಯಲ್ಲಿ ಅದು ಮಾರಿಯಮ್ಮನ ಕಿವಿಗೂ ಬಿತ್ತು. ಅಂದು ಅವಳಿಗೆ ಒಳಗೊಳಗೇ ನಗು ಬಂದಿತ್ತು, ಸ್ವಲ್ಪ ಹೆಮ್ಮೆಯೂ ಆಗಿತ್ತು.

ಕಳೆದ ವರ್ಷ ಭಾನುಪ್ರಿಯ ಎಂಬ ಹುಡುಗಿ ಐಸ್ ಪೆಟ್ಟಿಗೆ ಹಿಡಿದುಕೊಂಡು ಊರಿಗೆ ಬಂದಳು. ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳಂತೆ. ಊರಿನಲ್ಲೂ ಮಾರಿಯಮ್ಮನವರ ಕಾಲೊನಿಯಲ್ಲೂ ಇಪ್ಪತ್ತಮೂರು ಮನೆ ಹೊಕ್ಕು, ಪ್ರತಿ ಮಡಕೆಯಿಂದ ಎರಡು ಚಮಚ ಅಂಬಲಿ ತುಂಬಿಕೊಂಡಳು. ಮಡಕೆಗಳಿಗೆ ನಂಬರಿನ ಚೀಟಿ ಅಂಟಿಸಿದಳು. ಕೋದಂಡಪ್ಪನವರ ಮಡಕೆಗೆ ಏಳು, ಮಾರಿಯಮ್ಮನದಕ್ಕೆ ಹತ್ತೊಂಬತ್ತು.

"ಹುಳಿ ಬರಿಸೋದು ಕಣ್ಣಿಗೆ ಕಾಣದ ಜೀವಿಗಳು ಅಮ್ಮ," ಎಂದು ಮಾರಿಯಮ್ಮನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದಳು. "ಜಾತಿ ಒಂದೇ ಆದ್ರೂ ಮನೆಯಿಂದ ಮನೆಗೆ ಸ್ವಲ್ಪ ಸ್ವಲ್ಪ ಬೇರೆ ಇರ್ತವೆ. ಅವುಗಳ ವಂಶಾವಳಿ ಓದೋಕೆ ಮೆಷಿನ್ ಇದೆ. ಓದಿ, ಬಂದು ಹೇಳ್ತೀನಿ."

ಮಾರಿಯಮ್ಮ ಅವಳಿಗೊಂದು ಲೋಟ ಅಂಬಲಿ ಕೊಟ್ಟಳು. ಹುಡುಗಿ ಗಟಗಟನೆ ಕುಡಿದಳು.

ಯುಗಾದಿ ಕಳೆದ ಮೇಲೆ, ಹೇಳಿದ ಹಾಗೆ ಬಂದಳು. ಶಾಲೆಯ ಅಂಗಳದಲ್ಲಿ ಹೆಂಗಸರೆಲ್ಲ ಸೇರಿದರು. ಕಾಲೊನಿಯವರು ಹಿಂದೆ, ನಲ್ಲಿಯ ಹತ್ತಿರ ಕೂತರು. ಭಾನುಪ್ರಿಯ ಗೋಡೆಗೆ ದೊಡ್ಡ ಹಾಳೆಯೊಂದನ್ನು ತೂಗುಹಾಕಿದಳು. ಅದರ ತುಂಬ ಬಣ್ಣಬಣ್ಣದ ಚುಕ್ಕೆಗಳು, ಮನೆಗೊಂದು ಬಣ್ಣ. ಮುಂದೆ ಕುರ್ಚಿಯಲ್ಲಿ ಕೂತಿದ್ದ ವೆಂಕಟರತ್ನಮ್ಮ ಕೇಳಿದರು:

"ನಮ್ದು ಏಳನೇ ನಂಬರ್. ಮೊದ್ಲು ನಮ್ದೇ ಏಳಮ್ಮ."

ಹುಡುಗಿಯ ಮುಖ ಅರಳಿತು. "ಏಳರದ್ದೇ ವಿಶೇಷ! ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ಮಡಕೆ ಒಂದಕ್ಕೊಂದು ಸೇರಲ್ಲ. ಆದ್ರೆ ಏಳು ಮತ್ತು ಹತ್ತೊಂಬತ್ತು ಒಂದೇ ತಾಯಿಯ ಮಕ್ಕಳು. ಇನ್ನೂ ಸರಿಯಾಗಿ ಹೇಳ್ಬೇಕಂದ್ರೆ, ಹತ್ತೊಂಬತ್ತು ತಾಯಿ, ಏಳು ಮಗಳು. ಹತ್ತೊಂಬತ್ತರಲ್ಲಿ ಒಂಬತ್ತು ಬಗೆ ಇವೆ, ಏಳರಲ್ಲಿ ಅವುಗಳಲ್ಲೇ ಮೂರು. ಹತ್ತಿರದ ಕಾಲದಲ್ಲೇ ಆ ಮಡಕೆಯಿಂದ ಈ ಮಡಕೆಗೆ ಒಂದಿಷ್ಟು ಬಂದಿರಬೇಕು."

"ಅತ್ತೊಂಬತ್ತು ಯಾರ್ದು?" ಎಂದರು ವೆಂಕಟರತ್ನಮ್ಮ.

ಮಾರಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕದಲ್ಲಿದ್ದ ಮುತ್ಯಾಲಮ್ಮ ಹಿಂದುಮುಂದು ನೋಡದೆ, "ನಮ್ಮ ಮಾರೀದಲ್ವಾ?" ಅಂದುಬಿಟ್ಟಳು.

ಮುಂದೆ ಕೂತವರೆಲ್ಲ ನಲ್ಲಿಯ ಕಡೆ ತಿರುಗಿ ನೋಡಿದರು. ಭಾನುಪ್ರಿಯಳಿಗೆ ಏನೂ ಅರ್ಥವಾಗಲಿಲ್ಲ. ಅವಳು ನಗುನಗುತ್ತ ಎಂಟನೇ ಮಡಕೆಯ ವಿಷಯಕ್ಕೆ ಹೋದಳು. ವೆಂಕಟರತ್ನಮ್ಮ ಕುರ್ಚಿ ಬಿಟ್ಟು ಎದ್ದು ನಡೆದರು.

ಮಧ್ಯಾಹ್ನ ಮಾರಿಯಮ್ಮನಿಗೆ ಕರೆ ಬಂತು. ಹಿತ್ತಿಲಲ್ಲಿ ಮನೆಯವರೆಲ್ಲ ನಿಂತಿದ್ದರು. ಕೋದಂಡಪ್ಪ ತಲೆ ತಗ್ಗಿಸಿ ಬೇವಿನ ಕಡ್ಡಿ ಅಗಿಯುತ್ತಿದ್ದರು. ಮಾತಾಡಿದ್ದು ಮಗ ಚಲಪತಿ, ಶ್ಯಾಮಲಾಳ ಗಂಡ.

"ಎಷ್ಟು ದಿನದಿಂದ ಬೆರೆಸ್ತಿದ್ದೀಯೇ? ನಮ್ಮ ಕುಲ ಕೆಡಿಸೋಕೆ ಯಾರು ಏಳಿಕೊಟ್ಟಿದ್ದು?"

"ನಾನು ಬೆರೆಸ್ಲಿಲ್ಲ ಸ್ವಾಮಿ. ಶ್ಯಾಮಲಮ್ಮನೇ ಬಂದು ಈಸ್ಕೊಂಡ್ರು. ಮಡಕೆ ತೊಳೆದುಬಿಟ್ಟಿದ್ರು. ಕೇಳಿ ಬೇಕಾದ್ರೆ."

ಎಲ್ಲರೂ ಶ್ಯಾಮಲಾಳನ್ನು ನೋಡಿದರು. ಅವಳ ಸೊಂಟದ ಮೇಲೆ ಐದು ವರ್ಷದ ಮಗಳಿದ್ದಳು. ಮಾರಿಯಮ್ಮ ಆ ಮಗುವಿಗೆ ಹಾಲು ಹಲ್ಲು ಬರುವಾಗ ಬೆನ್ನು ತಟ್ಟಿ ಮಲಗಿಸಿದ್ದಳು, ಹಿತ್ತಿಲಲ್ಲೇ. ಶ್ಯಾಮಲಾ ಮಗಳ ತಲೆಯ ಮೇಲೆ ಕೈಯಿಟ್ಟಳು.

"ನನ್ನ ಮಗಳಾಣೆ ಅತ್ತೆ, ನನಗೇನೂ ಗೊತ್ತಿಲ್ಲ. ನಾನು ಬಟ್ಟೆ ಒಗೆಯೋಕೆ ಓದಾಗ ಇವಳೇ ನುಗ್ಗಿರ್ಬೇಕು."

"ಶ್ಯಾಮಲಮ್ಮ..." ಎಂದಳು ಮಾರಿಯಮ್ಮ. ಅಷ್ಟರಲ್ಲಿ ವೆಂಕಟರತ್ನಮ್ಮ ಅವಳ ಲೋಟವನ್ನು ಗೂಡಿನಿಂದ ಕೋಲಲ್ಲಿ ತಳ್ಳಿ ತಿಪ್ಪೆಗೆ ಬೀಳಿಸಿದರು.

ಸಂಜೆ ಚಲಪತಿ ಕಾಲೊನಿಗೆ ಬಂದ. ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೇವಿನ ಮರದ ಕೆಳಗೆ ಬೈಕ್ ನಿಲ್ಲಿಸಿ, ಈ ಬಿತ್ತನೆಗೆ ಕಾಲೊನಿಯವರು ಯಾರೂ ಬೇಡ, ಬೇರೆ ಕಡೆಯಿಂದ ಆಳು ತರಿಸ್ತೀವಿ ಅಂದ. ಹಿರಿಯರು ಕೈ ಮುಗಿದರು. ಒಬ್ಬಿಬ್ಬರು ಪೊಲೀಸ್ ಕಂಪ್ಲೇಂಟ್ ಕೊಡೋಣ ಎಂದದ್ದಕ್ಕೆ ಅವರ ಹೆಂಡಂದಿರೇ ಬಾಯಿ ಮುಚ್ಚಿಸಿದರು. ಚಲಪತಿ ಟ್ರ್ಯಾಕ್ಟರಿನ ಕೀ ತೆಗೆದು ಗೋಪಿನಾಥನ ಎದುರು ಹಿಡಿದ.

"ಇದು ಬೇಕಾ? ಒಳಗಿರೋದನ್ನ ತಂದು ಇಲ್ಲೇ ಒಡಿ."

ಗೋಪಿನಾಥ ಅವ್ವನ ಮುಖ ನೋಡಲಿಲ್ಲ. ಒಳಗೆ ಹೋಗಿ ಮಡಕೆ ತಂದ. ಮಾರಿಯಮ್ಮ ಅಡ್ಡ ನಿಂತು, "ಬೇಡ ಕಣ್ಲಾ, ನಿಮ್ಮಜ್ಜಿದು ಕಣ್ಲಾ" ಅಂದಳು.

"ಸುಮ್ಕಿರವ್ವ! ಯಾಕಾದ್ರೂ ಕೊಟ್ಟೆ ನೀನು?"

ಕಲ್ಲಿನ ಮೇಲೆ ಮಡಕೆ ಒಡೆಯಿತು. ಕಂದುಬಣ್ಣದ ಅಂಬಲಿ ಮಣ್ಣಿನಲ್ಲಿ ಹರಿಯಿತು, ನಾಯಿಯೊಂದು ಬಂದು ನೆಕ್ಕಿತು. ಮಾರಿಯಮ್ಮ ಬೊಗಸೆಯಲ್ಲಿ ಬಳಿದುಕೊಳ್ಳಲು ಕೂತಳು. ಚಲಪತಿ ಚಪ್ಪಲಿ ಕಾಲಲ್ಲಿ ಅದರ ಮೇಲೆ ಮಣ್ಣು ಎಳೆದ. ಅವಳ ಕೈಗೆ ಸಿಕ್ಕಿದ್ದು ಕೆಸರು.

ಮರುದಿನ ಬೆಳಿಗ್ಗೆ ಗೋಪಿನಾಥ ಟ್ರ್ಯಾಕ್ಟರ್ ಹೊರಡಿಸಿದ. ಕೋದಂಡಪ್ಪನವರ ಮನೆಯಲ್ಲಿ ಪುರೋಹಿತರು ಬಂದು ಪುಣ್ಯಾಹ ಮಾಡಿದರು. ಹಳೇ ಮಡಕೆಯನ್ನು ಕೆರೆಗೆ ಎಸೆದು ಬೇರೆ ನೆಂಟರ ಮನೆಯಿಂದ ಹುಳಿ ತರಿಸಿದರು. ಶ್ಯಾಮಲಾ ತವರಿಗೆ ಹೋಗಲಿಲ್ಲ, ಅವಳಿಗೆ ಯಾರೂ ಒಂದು ಮಾತೂ ಅನ್ನಲಿಲ್ಲ. ಕಾಲೊನಿಗೆ ಕೆಲಸ ಸಿಕ್ಕಿತು, ಮಾರಿಯಮ್ಮನೊಬ್ಬಳನ್ನು ಬಿಟ್ಟು. ಮುತ್ಯಾಲಮ್ಮ ಎದುರು ಸಿಕ್ಕರೂ ದಾರಿ ಬದಲಿಸುತ್ತಿದ್ದಳು. ಹದಿನೈದು ದಿನ ಕಳೆದು ಮಾರಿಯಮ್ಮ ಮಾರಿಕುಪ್ಪಂನಲ್ಲಿದ್ದ ತಂಗಿ ಕಲಾಳ ಮನೆಗೆ ಬಂದು ಸೇರಿದಳು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತ ಯಾವುದೋ ಆಫೀಸಿನ ಕಕ್ಕಸು ತೊಳೆಯುವ ಕೆಲಸ ಹಿಡಿದಳು.

ಭಾನುಪ್ರಿಯ ಅವಳನ್ನು ಹುಡುಕಿಕೊಂಡು ಬಂದದ್ದು ಒಂದು ಭಾನುವಾರ. ಊರಿನಲ್ಲಿ ವಿಷಯ ತಿಳಿದು ಅಳುತ್ತಲೇ ಬಂದಿದ್ದಳು.

"ನಾನು ಯಾರ ಹೆಸರನ್ನೂ ಹೇಳಿರ್ಲಿಲ್ಲ ಅಮ್ಮ."

"ಎಸರು ಏಳಿಲ್ಲ. ನಂಬರ್ ಏಳಿದ್ರಿ."

ಹುಡುಗಿ ಐಸ್ ಪೆಟ್ಟಿಗೆ ತೆರೆದು ಬೆರಳುದ್ದದ ಕೊಳವೆಯೊಂದನ್ನು ತೆಗೆದಳು. ಹತ್ತೊಂಬತ್ತನೇ ಮಡಕೆಯ ಜೀವಿಗಳು ಫ್ರೀಜರಿನಲ್ಲಿ ಉಳಿದಿದ್ದವು, ಇವನ್ನು ಹಾಕಿ ಮತ್ತೆ ಅಂಬಲಿ ಮಾಡಬಹುದು ಅಂದಳು. ಹೊಸ ಬಗೆಯಾದ್ದರಿಂದ ಅದಕ್ಕೆ ಊರಿನ ಹೆಸರನ್ನೇ ಇಟ್ಟಿದ್ದಾರೆ ಎಂದೂ ಹೇಳಿದಳು.

"ಆ ಊರಿನ ಎಸರಾ?"

ಭಾನುಪ್ರಿಯ ಕೊಳವೆಗೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ಹೆಬ್ಬೆರಳಿನಿಂದ ಮುಚ್ಚಿದಳು.

"ನಿಮ್ಮ ಮಿಶನ್‌ಗೆ ಇದು ಗೊತ್ತಾಗ್ತದಾ," ಎಂದು ಮಾರಿಯಮ್ಮ ನಿಧಾನವಾಗಿ ಕೇಳಿದಳು, "ಅವಳೇ ಬೇಡಿ ಈಸ್ಕೊಂಡ್ಳು, ನಾನು ಕಳ್ಳತನದಾಗೆ ಬೆರೆಸ್ಲಿಲ್ಲ ಅಂತ?"

"ಇಲ್ಲಮ್ಮ. ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದಷ್ಟೇ ಗೊತ್ತಾಗುತ್ತೆ."

"ಅಂಗಾದ್ರೆ ವಾಪಸ್ ತಗೊಂಡೋಗಿ. ಇಲ್ಲಿ ಕುಡಿಯೋರು ಯಾರೂ ಇಲ್ಲ. ಕಲಾ ಮಕ್ಕಳಿಗೆ ಟೀ, ಬನ್ನು ಸಾಕು. ನನ್ನ ಮಗ ಬರೋದಿಲ್ಲ."

ಬೀದಿಯಲ್ಲಿ ನೀರು ಬಂತೆಂದು ಯಾರೋ ಕೂಗಿದರು. ಮಾರಿಯಮ್ಮ ಎರಡು ಪ್ಲಾಸ್ಟಿಕ್ ಕೊಡ ಎತ್ತಿಕೊಂಡು ಸಾಲಿನಲ್ಲಿ ಜಾಗ ಹಿಡಿಯಲು ಓಡಿದಳು. ಹುಡುಗಿ ಕೊಳವೆಯನ್ನು ಮತ್ತೆ ಐಸಿನೊಳಗೆ ಇಟ್ಟು ಮುಚ್ಚಳ ಹಾಕಿದಳು.