ಹಂಚಿನ ಮಾತು ಕೇಳುತ್ತಿದ್ದ ಭೂಪಾಲ ಮಾಮಾ

ಭೂಪಾಲ ಮಾಮಾ ಹಂಚನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿಯ ಹತ್ತಿರ ತರುತ್ತಿದ್ದರು. ಖಣ್ ಎಂದರೆ "ಇದು ಮಾತಾಡ್ತೈತಿ, ಇರ್ಲಿ" ಎಂದು ಮತ್ತೆ ಹೊಂದಿಸುತ್ತಿದ್ದರು. ಬದ್ ಎಂದರೆ "ಇದು ಮಾತ ಬಿಟ್ಟೈತಿ" ಎಂದು ಬದಿಗಿಡುತ್ತಿದ್ದರು. ಅದು ಕಸುಬಿನವರ ಠೀವಿ ಎಂದು ಒಂದು ವರ್ಷ ನಾನು ನಂಬಿದ್ದೆ.

ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ನಾನೂ ನನ್ನ ಗಂಡನೂ ಚಿಕ್ಕೋಡಿಯಲ್ಲಿ ಹಳೆಯ ಹಂಚಿನ ಮನೆಯೊಂದನ್ನು ಕೊಂಡೆವು. ಕೊಂಡದ್ದು ಬೇಸಿಗೆಯಲ್ಲಿ, ಬೇಸಿಗೆಯಲ್ಲಿ ಯಾವ ಮನೆಯೂ ಸೋರುವುದಿಲ್ಲ ಎಂಬಷ್ಟು ಬುದ್ಧಿ ನಮಗಿರಲಿಲ್ಲ. ಮಿರಗದ, ಅಂದರೆ ಮೃಗಶಿರಾದ, ಮೊದಲ ಮಳೆಗೇ ಐದು ಕಡೆ ಸೋರಿತು. ಹಿಟ್ಟಿನ ಡಬ್ಬಿ ಮಂಚದ ಮೇಲೆ, ಹಾಸಿಗೆ ಮೇಜಿನ ಮೇಲೆ, ನಾವಿಬ್ಬರು ಹೊಸ್ತಿಲಲ್ಲಿ. ನೋಡಲು ಬಂದ ಗುತ್ತಿಗೆದಾರನೊಬ್ಬ ಪೂರ್ತಿ ಕಿತ್ತು ತಗಡಿನ ಪತ್ರಾ ಹೊದಿಸಿ ಎಂದ. ಪಕ್ಕದ ಮನೆಯಾಕೆ ಮಾತ್ರ, "ಮದ್ಲ ಹಿಂದಿನ ಓಣ್ಯಾಗಿನ ಭೂಪಾಲ ಮಾಮಾನ್ನ ಕರೀರಿ" ಎಂದಳು. ಕರೋಶಿಯಿಂದ ನಿಪ್ಪಾಣಿಯವರೆಗೆ ನಲವತ್ತು ವರ್ಷ ಹಂಚು ಹೊದಿಸಿದವರಂತೆ.

ಮಾಮಾ ಸುರಿವ ಮಳೆಯಲ್ಲೇ ಬಂದು ಪಡಸಾಲೆಯ ನಟ್ಟನಡುವೆ ಕಣ್ಣು ಮುಚ್ಚಿ ಕೂತರು. "ಎಲ್ರೂ ಸ್ವಲ್ಪ ಬಾಯಿ ಮುಚ್ರಿ. ಮನಿ ಏನಂತೈತಿ ಕೇಳೂಣು." ಒಂದು ನಿಮಿಷ ಸುಮ್ಮನಿರದ ನನ್ನ ಗಂಡನೂ ಸುಮ್ಮನಾದರು. "ನೀರ ಬೀಳೂದ ಒಂದ ಕಡೆ, ಒಳಗ ಬಂದಿದ್ದ ಇನ್ನೊಂದ ಕಡೆ. ತೊಲಿ ಹಿಡಕೊಂಡ ನಡಕೋತ ಬರ್ತೈತಿ." ಮಳೆ ಬಿಡುವು ಕೊಟ್ಟಾಗ ಹತ್ತಿದರು. ನಾಲ್ಕು ದಿನದಲ್ಲಿ ಹಾಸಿಗೆ ಹಾಸಿಗೆಯ ಜಾಗಕ್ಕೆ ಹೋಯಿತು. ಇದು ನಮ್ಮ ಮನೆ ಎಂದು ನನಗೆ ಅನ್ನಿಸಿದ್ದು ಆ ದಿನ, ನೋಂದಣಿಯ ದಿನವಲ್ಲ.

ಮರುವರ್ಷ ಮಿರಗಕ್ಕೆ ಮೊದಲೇ ಹಂಚನ್ನೆಲ್ಲ ತೆಗೆದು, ಕಸ ಗುಡಿಸಿ, ಮತ್ತೆ ಹೊದಿಸಲು ಬಂದರು. ನಾನು ನಿಚ್ಚಣಿಕೆಯ ಮೇಲೆ ನಿಂತು ಚಹಾ ಚಾಚಿದೆ. ಮಾಮಾನ ಕೈ ಕಪ್ಪಿನಿಂದ ಒಂದು ಗೇಣು ಆಚೆ ಗಾಳಿಯನ್ನು ಹಿಡಿಯಿತು. ನಗುತ್ತ ಇತ್ತ ಹೊರಳಿದವರ ಕಾಲು ಬೆಳಕಿಗೆಂದು ಕೂರಿಸಿದ ಗಾಜಿನ ಹಂಚಿನ ಮೇಲೆ ಬಿತ್ತು. ಹಂಚು ಒಡೆಯಿತು. ಮಾಮಾ ಜಂತೆಗೆ ಜೋತುಬಿದ್ದು ಉಳಿದರು.

"ಮಾಮಾ, ನಿಮಗ ಕಣ್ಣ ಕಾಣಸೂದಿಲ್ಲೇನ್ರಿ?"

"ಕಾಚಬಿಂದು ಅಂದಾರ ಡಾಕ್ಟರ. ಹೋದ ಕಣ್ಣ ತಿರಗಿ ಬರೂದಿಲ್ಲಂತ." ಮೊಣಕಾಲಿನ ರಕ್ತ ಒರೆಸಿಕೊಂಡರು. "ಯಾರಿಗೂ ಹೇಳಬ್ಯಾಡ ತಂಗೀ. ಮ್ಯಾಲ ಇದ್ರ ನಾ ಭೂಪಾಲ ಮಾಮಾ. ಕೆಳಗ ಇಳದ್ನಂದ್ರ ಬರೇ ಕುರುಡ."

"ಹೇಳೂದಿಲ್ರಿ" ಎಂದೆ. ಸಂಜೆಗೆ ಹೋಗಿ ಅವರ ಮಗಳು ಪದ್ಮಾಗೆ ಹೇಳಿಬಿಟ್ಟೆ. ಕಣ್ಣಿನ ವಿಷಯ ಅವಳಿಗೆ ಗೊತ್ತಿತ್ತು, ಆದರೆ ಅಪ್ಪ ಕೆಳಗೆ ನಿಂತು ಬೇರೆಯವರಿಂದ ಮಾಡಿಸುತ್ತಾರೆ ಎಂದುಕೊಂಡಿದ್ದಳು. ಮರುದಿನವೇ ಅಪ್ಪನ ನಿಚ್ಚಣಿಕೆಯನ್ನು ಯಾರಿಗೋ ಕೊಟ್ಟುಬಿಟ್ಟಳು. ನಮ್ಮ ಮನೆಯ ಅರ್ಧ ಉಳಿದ ಕೆಲಸವನ್ನು ನಿಪ್ಪಾಣಿಯಿಂದ ಬಂದವರು ಮುಗಿಸಿದರು. ಒಳ್ಳೆಯದನ್ನೇ ಮಾಡಿದೆ ಎಂದು ಎಲ್ಲರೂ ಅಂದರು, ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಆದರೆ ಮಾಮಾ ತಮ್ಮ ಮನೆಯ ಕಟ್ಟೆಯ ಮೇಲೆ ಕೈ ಮಡಚಿ ಕೂತಿರುವುದು ಕಂಡರೆ, ಅವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ದಾರಿ ಬದಲಿಸುತ್ತಿದ್ದೆ. ನಾಚಿಕೆಯಾಗುತ್ತಿತ್ತು.

ಶ್ರಾವಣದಲ್ಲಿ ಮಾಮಾ ಹಾಸಿಗೆ ಹಿಡಿದರು ಎಂದು ಕೇಳಿ, ಜಡಿಮಳೆಯಲ್ಲೇ ಹೋದೆ. ದನಿಯಿಂದ ಗುರುತಿಸಿದರು.

"ಮನ್ಯಾಗ ಗಳತಿ ಇಲ್ಲಲ್ಲ ತಂಗೀ?"

ಸೋರುವುದಕ್ಕೆ ಮಾಮಾ ಆಡುತ್ತಿದ್ದದ್ದು ಮರಾಠಿಯ ಈ ಗಳತಿ ಎಂಬ ಮಾತನ್ನೇ. ಇಲ್ಲ ಎಂದೆ. "ಹಾಂ" ಎಂದು ಗೋಡೆಯತ್ತ ಹೊರಳಿದರು. ನಾನು ಅವರ ಕೈ ಹಿಡಿದು, "ನಂದ ಗಲತಿ ಆತ್ರಿ ಮಾಮಾ" ಎಂದೆ. ತಪ್ಪು ಒಪ್ಪಿಕೊಳ್ಳಲೆಂದು ಆಡಿದ ಮಾತು. ಅಳುವಿಗೆ ನನ್ನ ನಾಲಗೆ ತೊಡರಿತೋ, ಮಾಮಾ ತಮಗೆ ಬೇಕಾದದ್ದನ್ನೇ ಕೇಳಿಸಿಕೊಂಡರೋ, ಮೊಣಕೈ ಊರಿ ಎದ್ದು ಕೂತರು.

"ಗಳತಿ? ಎಲ್ಲಿ? ಅಡಗಿಮನಿ ಮ್ಯಾಲೇನು?"

ಪದ್ಮಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಒಂದು ಹನಿಯೂ ಸೋರುತ್ತಿರಲಿಲ್ಲ.

"ಹೌದ್ರಿ ಮಾಮಾ," ಎಂದೆ, "ಅಡಗಿಮನಿ ಮ್ಯಾಲ."

"ನನಗ ಗೊತ್ತಿತ್ತು." ಎಷ್ಟೋ ದಿನದ ಮೇಲೆ ಅವರ ಮುಖ ಅರಳಿತು. "ಮಳಿ ಬಿಡ್ಲಿ, ನಾನ ಬರ್ತೀನಿ. ಅಲ್ಲೀತನಕ ಯಾರ್ನೂ ಹತ್ತಸಬ್ಯಾಡ."

"ಇಲ್ರಿ" ಎಂದು ಮಾತು ಕೊಟ್ಟೆ.

ಆ ಸಲ ಮಳೆ ಬಿಡಲು ಹನ್ನೊಂದು ದಿನ ಹಿಡಿಯಿತು. ಮಾಮಾ ಒಂಬತ್ತನೆಯ ದಿನ ಹೋದರು. ಈ ವರ್ಷ ನಮ್ಮ ಅಡುಗೆಮನೆ ನಿಜವಾಗಿಯೂ ಸೋರುತ್ತಿದೆ. ಇನ್ನೂ ಯಾರನ್ನೂ ಹತ್ತಿಸಿಲ್ಲ.