ಐದು ಚುಕ್ಕಿಯ ಗುರುತು

ಶಾಲೆಗಳಿಗೆ ರಜೆ ಬಂತೆಂದರೆ ನನ್ನ ಜೆರಾಕ್ಸ್ ಅಂಗಡಿಗೂ ರಜೆ ಬಂದ ಹಾಗೆಯೇ. ನೋಟ್ಸ್ ಇಲ್ಲ, ಅರ್ಜಿ ಇಲ್ಲ. ಯಂತ್ರಕ್ಕೆ ಬಟ್ಟೆ ಹೊದಿಸಿ ನೊಣ ಹೊಡೆಯುತ್ತಾ ಕೂರಬೇಕು. ಪಕ್ಕದ ಲಾಂಡ್ರಿಗೂ ನನಗೂ ನಡುವೆ ಇರುವುದು ಬೆರಳು ದಪ್ಪದ ಪ್ಲೈವುಡ್. ಆದ್ದರಿಂದ ಆ ಮನೆಯ ಸಮಾಚಾರ ನನಗೆ ಇಷ್ಟೊಂದು ಗೊತ್ತಿದ್ದರೆ ತಪ್ಪು ನನ್ನದಲ್ಲ, ಬಡಗಿಯದು.

ಲಾಂಡ್ರಿ ನಡೆಸುವವಳು ಇಸ್ತ್ರಿ ಅಕ್ಕ. ನನಗಿಂತ ಆರು ವರ್ಷ ಚಿಕ್ಕವಳು, ಆದರೆ ಬೀದಿಗೆ ಬೀದಿಯೇ ಹಾಗೆ ಕರೆಯುವುದರಿಂದ ನನ್ನ ಬಾಯಲ್ಲೂ ಅದೇ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಮಾತಿಗೆ ಶುರುವಿಟ್ಟರೆ ಉಸಿರು ತೆಗೆದುಕೊಳ್ಳಲಿಕ್ಕೂ ನಿಲ್ಲಿಸುವವಳಲ್ಲ. ಕೆಲಸದಲ್ಲಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ತಪ್ಪು ಸಿಗದು. ಬಟ್ಟೆ ಬಂದ ಕೂಡಲೇ ಕಾಲರಿನ ಒಳಗೆ, ಸೊಂಟಪಟ್ಟಿಯ ಮಡಿಕೆಯಲ್ಲಿ, ಆ ಮನೆಯ ಗುರುತು ಬೀಳಬೇಕು. ಹಲ್ಲಿನ ಡಾಕ್ಟರ ಮನೆಗೆ ಗೆರೆಯ ಮೇಲೆ ಎರಡು ಚುಕ್ಕಿ, ಮೂಲೆಮನೆ ವಕೀಲರಿಗೆ ಒಂದು ಕತ್ತರಿ ಗೆರೆ. ಅದಕ್ಕೆಂದೇ ಇರುವ ಆ ಕಪ್ಪು ಶಾಯಿ ಬಟ್ಟೆ ಚಿಂದಿಯಾದರೂ ಹೋಗುವುದಿಲ್ಲ.

ಮೂವತ್ತೊಂಬತ್ತರ ವಯಸ್ಸಿನಲ್ಲಿ ಅವಳು ಬ್ರೆಡ್ ವ್ಯಾನ್ ಓಡಿಸುವವನನ್ನು ಮದುವೆಯಾದಳು. ಅವನಿಗೆ ಅದು ಎರಡನೆಯದು. ಮೊದಲ ಹೆಂಡತಿಯಿಂದ ಬೇರೆಯಾಗಿ ಕೆಲವು ವರ್ಷಗಳಾಗಿದ್ದವು. ಇಬ್ಬರು ಹೆಣ್ಣುಮಕ್ಕಳು ತಾಯಿಯ ಜೊತೆ ಬೇರೆ ಊರಿನಲ್ಲಿದ್ದರು. ಹೋದ ವರ್ಷ ರಜೆಗೆ ಬಂದವರು ಮೂರೇ ದಿನಕ್ಕೆ ಹೊರಟುಬಿಟ್ಟರು. ಜಗಳವೇನೂ ಆಗಿರಲಿಲ್ಲ, ಹೊಸ ಮನೆ, ಅಮ್ಮನ ನೆನಪು, ಅಷ್ಟೇ. ಆದರೆ ಹೋಗುವ ಗಡಿಬಿಡಿಯಲ್ಲಿ ದೊಡ್ಡವಳ ಒಂದು ಕಾಲುಚೀಲ ಗಿರಾಕಿಗಳ ಬಟ್ಟೆಯಲ್ಲಿ ಸೇರಿ ಕಾಣೆಯಾಯಿತು. ಅವರಮ್ಮ ಫೋನಿನಲ್ಲಿ, "ಒಂದೇ ಬಂದಿದೆ, ಇನ್ನೊಂದು ಅಲ್ಲಿದ್ಯಾ?" ಎಂದು ಕೇಳಿದರು. ಇಸ್ತ್ರಿ ಅಕ್ಕನಿಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದ ಹಾಗಾಯಿತು. ಆ ಕಾಲುಚೀಲದ ಕಥೆಯನ್ನು ನಾನು ಆ ವರ್ಷ ನೂರು ಸಲವಾದರೂ ಕೇಳಿರಬೇಕು.

ಈ ಸಲ ಮಕ್ಕಳ ತಾಯಿ ಒಂದು ಮಾತು ಹೇಳಿದ್ದರು. ಒಂದು ತಿಂಗಳ ರಜೆ. ಮಕ್ಕಳು ಇರ್ತೀವಿ ಅಂದಷ್ಟು ದಿನ ಇರಲಿ, ಸಾಕು ಅಂದ ದಿನ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು. ಅಂದರೆ ಎಲ್ಲವೂ ಹನ್ನೆರಡು ವರ್ಷದ ದೊಡ್ಡವಳ ಕೈಯಲ್ಲಿತ್ತು.

"ಪೂರ್ತಿ ತಿಂಗಳು ಇರ್ತಾರಾ? ನಿಂಗೇನನ್ಸತ್ತೆ?" ಎಂದು ಇಸ್ತ್ರಿ ಅಕ್ಕ ನನ್ನನ್ನು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು.

"ನಾನೇನು ಭವಿಷ್ಯ ಹೇಳೋಳಾ? ಸುಮ್ನೆ ಇಸ್ತ್ರಿ ಹಾಕು," ಎಂದು ನಾನು ಗದರುತ್ತಿದ್ದೆ. ಅವಳ ಆಸೆ ನೋಡಿದರೆ ನನಗೇ ಭಯವಾಗುತ್ತಿತ್ತು.

ಮಕ್ಕಳು ಬಂದರು. ಚಿಕ್ಕವಳಿಗೆ ಏಳು ವರ್ಷ. ಅರ್ಧ ದಿನದಲ್ಲಿ ಬೀದಿಯನ್ನೆಲ್ಲ ಬುಟ್ಟಿಗೆ ಹಾಕಿಕೊಂಡಳು. ನನ್ನ ಯಂತ್ರದ ಗಾಜಿನ ಮೇಲೆ ಅಂಗೈ ಇಟ್ಟು ಪ್ರತಿ ತೆಗೆಸಿಕೊಳ್ಳುವುದು ಅವಳ ಮೆಚ್ಚಿನ ಆಟ. ಇಸ್ತ್ರಿ ಅಕ್ಕನಿಗೂ ನನಗೂ ಇಬ್ಬರಿಗೂ "ಆಂಟಿ". ದೊಡ್ಡವಳು ಬೇರೆ. ಅವಳು ಇಸ್ತ್ರಿ ಅಕ್ಕನನ್ನು ಏನೆಂದೂ ಕರೆಯುತ್ತಿರಲಿಲ್ಲ. "ಸೋಪು ಎಲ್ಲಿದೆ?" ಎಂದು ಗೋಡೆಯನ್ನು ಕೇಳುವಂತೆ ಕೇಳುತ್ತಿದ್ದಳು. ಅಪ್ಪ ನಸುಕಿನಲ್ಲೇ ವ್ಯಾನ್ ಹತ್ತಿ ಹೋಗುವವನು, ಮಧ್ಯಾಹ್ನ ಬಂದು ನಿದ್ದೆ ಹೊಡೆಯುವವನು. ಹಾಗಾಗಿ ಹಗಲೆಲ್ಲ ಇವರು ಮೂವರೇ.

ಮೂರು ದಿನ ಕಳೆಯಿತು. ನಾಲ್ಕನೇ ದಿನ ಇಸ್ತ್ರಿ ಅಕ್ಕ ಪ್ಲೈವುಡ್ ಮೇಲೆ ಎರಡು ಸಲ ಬಡಿದಳು. ಗೆದ್ದೆವು ಎಂದು ಅದರರ್ಥ. ನಾನೂ ತಿರುಗಿ ಬಡಿದೆ.

ಆರನೇ ದಿನ ದೊಡ್ಡವಳು ತಾನಾಗಿಯೇ ಮೇಜಿನ ಹತ್ತಿರ ಬಂದು ನಿಂತಳು. ಇಸ್ತ್ರಿ ಅಕ್ಕನಿಗೆ ಹಿಗ್ಗೋ ಹಿಗ್ಗು. ಒಂದೊಂದೇ ಕಾಲರು ಮಗುಚಿ ಗುರುತುಗಳನ್ನು ತೋರಿಸಿಕೊಟ್ಟಳು. ಇದು ಡಾಕ್ಟರ ಮನೇದು, ಇದು ವಕೀಲರದು.

"ಗುರುತೇ ಇಲ್ಲದಿದ್ರೆ?" ಎಂದು ಹುಡುಗಿ ಕೇಳಿದ್ದು ನನಗೆ ಕೇಳಿಸಿತು.

"ಗುರುತಿಲ್ದೇ ಇರೋದು ನಮ್ಮನೇದು. ಗಿರಾಕಿಗಳದ್ದಲ್ಲ. ಅದನ್ನ ಸೀದಾ ಒಳಗಿಡು."

ಆಮೇಲೆ ಹುಡುಗಿ ಒಳಗೆ ಹೋದ ಸದ್ದಾಯಿತು. ಬಟ್ಟೆ ಒಳಗಿಡಲು ಹೋಗಿರಬೇಕು ಅಂದುಕೊಂಡೆ.

ಮಾರನೇ ದಿನ ಬೆಳಗ್ಗೆ ಚಿಕ್ಕವಳು ಬಂದು ಗಾಜಿನ ಮೇಲೆ ಎರಡೂ ಕೈ ಇಟ್ಟಳು. "ಆಂಟಿ, ಎರಡೂ ಕೈದು ತೆಕ್ಕೊಡಿ. ನಾಳೆ ನಾವು ಹೋಗ್ತೀವಲ್ಲ."

"ಯಾಕೇ ಪುಟ್ಟಿ? ಏನಾಯ್ತು?"

"ಅಕ್ಕ ಬ್ಯಾಗ್ ತುಂಬಿದಾಳೆ. ನಾವು ಈ ಮನೆಯವರಲ್ವಂತೆ, ಗಿರಾಕಿಗಳಂತೆ. ನಮ್ಮ ಬಟ್ಟೇಲೆಲ್ಲಾ ಗುರುತಿದೆ, ನೋಡಿ." ಅವಳು ಕತ್ತು ಬಗ್ಗಿಸಿ ಫ್ರಾಕಿನ ಕಾಲರು ತೋರಿಸಿದಳು. ಐದು ಚುಕ್ಕಿ, ಪುಟ್ಟ ಹೂವಿನ ಹಾಗೆ ದುಂಡಗೆ.

ನಾನು ಯಂತ್ರವನ್ನು ಹಾಗೇ ಬಿಟ್ಟು ಲಾಂಡ್ರಿಗೆ ನುಗ್ಗಿದೆ. ಇಸ್ತ್ರಿ ಅಕ್ಕನಿಗೂ ಬ್ಯಾಗಿನ ವಿಷಯ ಆಗಲೇ ಗೊತ್ತಾಗಿತ್ತು, ಕಾರಣ ಗೊತ್ತಿರಲಿಲ್ಲ. ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು.

"ನಿನಗೆ ಬುದ್ಧಿ ಗಿದ್ದಿ ಇದ್ಯೇನೇ?" ಎಂದೆ. "ಮಕ್ಕಳ ಬಟ್ಟೆಗೆ ಯಾರಾದ್ರೂ ಅಂಗಡಿ ಗುರುತು ಹಾಕ್ತಾರಾ? ನಿಂದೂ ಇಲ್ಲ, ನಿನ್ನ ಗಂಡಂದೂ ಇಲ್ಲ, ಬರೀ ಅವರದ್ದಕ್ಕೆ!"

ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ಮಕ್ಕಳು ಬಂದ ದಿನವೇ ಬ್ಯಾಗು ಬಿಚ್ಚಿ, ಈ ಸಲ ಒಂದು ಕರ್ಚೀಫೂ ಕಳೆಯಬಾರದೆಂದು ಎಲ್ಲಕ್ಕೂ ಗುರುತು ಹಾಕಿದ್ದಳಂತೆ. ಯಾವ ಗಿರಾಕಿಗೂ ಕೊಡದ ಚೆಂದದ ಗುರುತನ್ನು ಇವರಿಗೆಂದೇ ಯೋಚಿಸಿ ಇಟ್ಟಿದ್ದಳಂತೆ. ಅದರಲ್ಲಿ ತಪ್ಪಿದೆಯೆಂಬುದು ಅವಳ ತಲೆಗೇ ಹೊಳೆದಿರಲಿಲ್ಲ. ನನಗೆ ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

ತಿಳಿದ ಮೇಲೆ ಮಾಡಿದ್ದಾದರೂ ಏನು? ಹಗ್ಗದ ಮೇಲಿದ್ದ ದೊಡ್ಡವಳ ನೀಲಿ ಅಂಗಿಯನ್ನು ಎಳೆದು, ಬ್ಲೀಚಿಂಗ್ ನೀರು ಹಾಕಿ ಉಜ್ಜಲು ಕೂತಳು. ಬೇಡ ಎಂದು ಬಡಕೊಂಡರೂ ಕೇಳಲಿಲ್ಲ. ಅಂಗಿಯ ನೀಲಿ ಹೋಗಿ ಕಾಲರು ಬಿಳಚಿಕೊಂಡಿತು. ಐದು ಚುಕ್ಕಿ ಮೊದಲಿಗಿಂತ ಚೆನ್ನಾಗಿ ಎದ್ದು ಕಂಡವು. ಅದನ್ನು ನೋಡಲೆಂದೇ ಬಂದವಳಂತೆ ದೊಡ್ಡವಳು ಬಾಗಿಲಲ್ಲಿ ನಿಂತಿದ್ದಳು.

"ನನ್ನ ಅಂಗಿ," ಎಂದಳು.

"ಹಾಳು ಮಾಡ್ಬಿಟ್ಟೆ." ಇಸ್ತ್ರಿ ಅಕ್ಕ ಒದ್ದೆ ಅಂಗಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತಿದ್ದಳು. "ಕಳೀಬಾರ್ದು ಅನ್ನೋದಕ್ಕೆ ಗುರುತು ಹಾಕ್ತೀನಿ. ನಂಗೆ ಗೊತ್ತಿರೋ ವಿದ್ಯೆ ಅದೊಂದೇ ಪುಟ್ಟಾ. ಹೋದ್ವರ್ಷ ನಿನ್ನ ಕಾಲುಚೀಲ ಕಳೆದೆ. ಅದಕ್ಕೇ ಇನ್ನು ನೀವು ಬರೋದೇ ಇಲ್ವೇನೋ ಅಂತ ವರ್ಷವೆಲ್ಲಾ ಹೆದರ್ಕೊಂಡಿದ್ದೆ."

"ಒಂದು ಕಾಲುಚೀಲಕ್ಕೆ ಯಾರಾದ್ರೂ ಬರೋದು ನಿಲ್ಲಿಸ್ತಾರಾ?"

"ನನ್ನ ಗಿರಾಕಿಗಳು ನಿಲ್ಲಿಸ್ತಾರಲ್ಲ!" ಎಂದವಳೇ ಇಸ್ತ್ರಿ ಅಕ್ಕ ನಾಲಿಗೆ ಕಚ್ಚಿಕೊಂಡಳು. ನಾನು ಹಣೆ ಚಚ್ಚಿಕೊಂಡೆ. ಹುಡುಗಿಯ ತುಟಿಯಂಚಿಗೆ ನಗು ಬಂದು ಹೋಯಿತು.

"ನಾನು ಗಿರಾಕಿ ಅಲ್ಲ ತಾನೇ?"

"ಅಲ್ಲಮ್ಮಾ, ಅಲ್ಲ."

"ಮತ್ತೇನು?"

ಇಸ್ತ್ರಿ ಅಕ್ಕ ಬಿಳಚಿದ ಕಾಲರನ್ನು ಮಗುಚಿ ಐದೂ ಚುಕ್ಕಿಯ ಮೇಲೆ ಒಂದೊಂದಾಗಿ ಬೆರಳಿಟ್ಟಳು.

"ಅದನ್ನ ನೀನೇ ಹೇಳ್ಬೇಕು," ಎಂದಳು ಕೊನೆಗೆ. "ನಿಂಗೆ ಅಮ್ಮ ಇದಾರೆ. ನಾನು ಏನಂತ ಹೇಳಿದ್ರೂ ಜಾಸ್ತಿ ಆಗತ್ತೆ. ನೀವಿಬ್ರೂ ಇಲ್ಲಿದ್ರೆ ನಂಗೆ ತುಂಬಾ ಖುಷಿ ಆಗತ್ತೆ. ಅಷ್ಟು ಮಾತ್ರ ನಂಗೊತ್ತು."

ಹುಡುಗಿ ಓಡಿಬಂದು ತಬ್ಬಿಕೊಳ್ಳಲಿಲ್ಲ. ಒದ್ದೆ ಅಂಗಿಯನ್ನು ಇಸಿದುಕೊಂಡು ಹಿಂಡಿ ಹಗ್ಗಕ್ಕೆ ಹಾಕಿದಳು. ಅವತ್ತು ಅಮ್ಮನಿಗೆ ಫೋನ್ ಮಾಡುವ ಮಾತೆತ್ತಲಿಲ್ಲ. ತುಂಬಿದ ಬ್ಯಾಗು ಮಂಚದ ಪಕ್ಕದಲ್ಲಿ ಇನ್ನೂ ನಾಲ್ಕು ದಿನ ಹಾಗೇ ಇತ್ತು. ಬೇಕಾದ ಬಟ್ಟೆಯನ್ನು ಅದರಿಂದಲೇ ಎಳೆದುಕೊಳ್ಳುತ್ತಿದ್ದಳು. ಇಸ್ತ್ರಿ ಅಕ್ಕ ದಿನಾ ಆ ಬ್ಯಾಗನ್ನು ನೋಡಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು. ಐದನೇ ದಿನ ಅದು ಖಾಲಿಯಾಗಿ ಕಪಾಟಿನ ಮೇಲೆ ಏರಿತ್ತಂತೆ. ಆ ದಿನ ಅವಳು ಪ್ಲೈವುಡ್ಡಿಗೆ ಬಡಿದ ರಭಸಕ್ಕೆ ನನ್ನ ಕ್ಯಾಲೆಂಡರು ಕೆಳಗೆ ಬಿತ್ತು.

ಒಂದು ತಿಂಗಳು ಪೂರ್ತಿ ಇದ್ದರು. ದೊಡ್ಡವಳು ಷರ್ಟು ಮಡಚುವುದರಲ್ಲಿ ಪಳಗಿದಳು. ಚಿಕ್ಕವಳ ಅಂಗೈಗಳು ನನ್ನ ಅರ್ಧ ರೀಮು ಕಾಗದ ತಿಂದವು.

ಕೊನೆಯ ದಿನ ಅವರಮ್ಮ ಕಾರು ನಿಲ್ಲಿಸಿ ಒಳಗೆ ಬಂದರು. ಆಸ್ಪತ್ರೆಯಲ್ಲಿ ನರ್ಸ್, ದಣಿದ ಮುಖದ, ಒಳ್ಳೆಯ ಹೆಂಗಸು. ಇಸ್ತ್ರಿ ಅಕ್ಕ ಕಪಾಟು ನೋಡಿ ಬಂದು ಗಾಬರಿಯಾದಳು. "ಪುಟ್ಟಾ, ನಿನ್ನ ಮೂರು ಜೊತೆ ಬಟ್ಟೆ ಇಲ್ಲೇ ಇದೆ! ಮರೆತಿದೀಯ, ತಾಳು, ತರ್ತೀನಿ."

"ಮರೆತಿಲ್ಲ," ಎಂದಳು ದೊಡ್ಡವಳು. "ಅವು ಇಲ್ಲೇ ಇರ್ಲಿ ಚಿಕ್ಕಮ್ಮ. ಬಂದಾಗ ಹಾಕ್ಕೊಳ್ಳೋಕೆ."

ಇಸ್ತ್ರಿ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಅವರಮ್ಮ ಮಗಳ ಮುಖವನ್ನೂ ಇಸ್ತ್ರಿ ಅಕ್ಕನ ಮುಖವನ್ನೂ ನೋಡಿ ಮೆಲ್ಲಗೆ ನಕ್ಕರು.

"ಮುಂದಿನ ರಜೆ ಹೊತ್ತಿಗೆ ಅವು ನಿಂಗೆ ಗಿಡ್ಡ ಆಗತ್ತೆ ಕಣೇ."

ಹುಡುಗಿ ಒಂದು ಕ್ಷಣ ಯೋಚಿಸಿದಳು.

"ಹಾಗಾದ್ರೆ ಅದಕ್ಕೂ ಮೊದ್ಲೇ ಒಂದ್ಸಲ ಬರ್ತೀನಿ."